ಆನ್‌ಲೈನ್ ಲಿಲಾವಿನ ಕಾಲ ಮುಗಿದದ್ದು ಯಾಕೆ, ಅದು ಇನ್ನೂ ಬೇಕಾಗಿರುವುದು ಯಾರಿಗೆ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಆಗಸ್ಟ್ 25ರಿಂದ ಅಂಚೆ ಇಲಾಖೆ ಅಮೆರಿಕಕ್ಕೆ ಹೋಗುವ ಪಾರ್ಸಲ್‌ಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿತು. ಅದೇ ಹೊತ್ತಿಗೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಒಳಗೆ ವಿಲೀನ ಮಾಡುವ ಆದೇಶ ಬಂತು, ಅಕ್ಟೋಬರ್ 1ರಿಂದ ಹೊಸ ದರಗಳೂ ಬಂದವು. ಇಳಕಲ್ಲಿನಲ್ಲಿ ಮೊಬೈಲ್ ಮೇಲೆ ಸೀರೆ ಮಾರುವ ನೇಕಾರರ ಮನೆಗಳಲ್ಲಿ, ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ವ್ಯಾಪಾರಿಗಳಲ್ಲಿ, ಬೆಳಗಾವಿಯಲ್ಲಿ ಹಳೆಯ ಅಂಚೆಚೀಟಿ, ನಾಣ್ಯ, ಪದಕ ಮಾರುವವರಲ್ಲಿ ಈ ಮೂರೂ ಸುದ್ದಿ ಒಂದರೊಳಗೊಂದು ಕಲೆತು ದೊಡ್ಡ ಗೊಂದಲವಾಯಿತು. ಆನ್‌ಲೈನ್ ಮಾರಾಟಕ್ಕೆಲ್ಲ ತೆರಿಗೆಯೇ? ಅಂಚೆಯಲ್ಲಿ ಇನ್ನು ಸಣ್ಣ ಪಾಕೀಟು ಕಳಿಸಲಾಗದೇ? ಹೊರದೇಶದ ಗಿರಾಕಿ ಕೈಬಿಟ್ಟಂತೆಯೇ?

ಈ ಪ್ರಶ್ನೆಗಳ ಜೊತೆಗೆ ಒಂದು ಹಳಹಳಿಕೆಯೂ ಕೇಳಿಬರುತ್ತದೆ. ಬಾಜಿ ಡಾಟ್ ಕಾಮ್, ಆಮೇಲೆ ಇಬೇ ಎಂಬ ಆನ್‌ಲೈನ್ ಲಿಲಾವಿನ (ಹರಾಜಿನ) ತಾಣಗಳು ಇದ್ದ ಕಾಲದಲ್ಲಿ ಇಷ್ಟೆಲ್ಲ ರಗಳೆ ಇರಲಿಲ್ಲ, ವಸ್ತುವನ್ನು ಹರಾಜಿಗೆ ಇಟ್ಟರೆ ಬೇಕಾದವರೇ ಬೆಲೆ ಕಟ್ಟುತ್ತಿದ್ದರು ಅನ್ನುವ ಮಾತು ಅದು. ಇದನ್ನು ಬರೀ ಹಳೆಯದರ ಮೋಹ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ಪೇಟೆಯಲ್ಲಿ ನಿಜವಾಗಿ ಬೆಲೆಬಾಳುವ ಒಂದು ಗುಣವಿತ್ತು, ಈಗ ಅದು ಕಳೆದುಹೋಗಿದೆ. ಆದರೆ ಅದು ಕಳೆದದ್ದು 2025ರಲ್ಲಿ ಅಲ್ಲ. ಯಾವುದು ಯಾವಾಗ ಹೋಯಿತು, ಯಾಕೆ ಹೋಯಿತು ಎಂದು ಬಿಡಿಸಿ ನೋಡಿದರೆ ಈಗಿನ ಸುದ್ದಿಗಳೂ ತಿಳಿಯಾಗುತ್ತವೆ.

ಬೆಲೆ ಗೊತ್ತಿಲ್ಲದವರ ಪೇಟೆ

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿಡ್ಯಾರ್ ಎಂಬ ಪ್ರೋಗ್ರಾಮರ್ ಕ್ಯಾಲಿಫೋರ್ನಿಯಾದಲ್ಲಿ ಆಕ್ಷನ್‌ವೆಬ್ ಎಂಬ ತಾಣ ಶುರುಮಾಡಿದ. ಅಲ್ಲಿ ಮೊದಲು ಮಾರಾಟವಾದದ್ದು ಒಂದು ಕೆಟ್ಟ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಕೆಲಸ ಮಾಡದ ವಸ್ತುವಿಗೆ ಯಾರು ಯಾಕೆ ದುಡ್ಡು ಕೊಡುತ್ತಾರೆ ಎಂದು ಕೇಳಿದರೆ, ಕೊಂಡವನು ಕೆಟ್ಟ ಪಾಯಿಂಟರ್‌ಗಳನ್ನೇ ಸಂಗ್ರಹಿಸುವವನಾಗಿದ್ದ. ಅವನೊಬ್ಬ ಇದ್ದಾನೆ ಎನ್ನುವುದು ಮಾರುವವನಿಗೆ ಗೊತ್ತಾಗುವ ಬೇರೆ ದಾರಿಯೇ ಇರಲಿಲ್ಲ. 1997ರಲ್ಲಿ ಆ ತಾಣದ ಹೆಸರು ಇಬೇ ಆಯಿತು.

ಅಲ್ಲಿ ಕೂಗುವ ವಿಧಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಗುಟ್ಟು ಇರುವುದು ಅದರಲ್ಲಿ. ಒಂದು ಇಳಕಲ್ ಸೀರೆ ಹರಾಜಿಗೆ ಬಂದಿದೆ ಎಂದುಕೊಳ್ಳೋಣ. ಒಬ್ಬರು ಹೆಚ್ಚೆಂದರೆ 4,000 ರೂಪಾಯಿ ಕೊಡಬಲ್ಲರು, ಇನ್ನೊಬ್ಬರು 5,200, ಮೂರನೆಯವರು 6,000. ಮೂವರೂ ತಮ್ಮ ತಮ್ಮ ಕೊನೆಯ ಮೊತ್ತವನ್ನು ಯಂತ್ರಕ್ಕೆ ಹೇಳಿಡುತ್ತಾರೆ, ಅವರ ಪರವಾಗಿ ಯಂತ್ರವೇ 50 ರೂಪಾಯಿಯ ಮೆಟ್ಟಿಲಲ್ಲಿ ಏರಿಸುತ್ತ ಹೋಗುತ್ತದೆ. ಕಡೆಗೆ ಸೀರೆ ಮೂರನೆಯವರದಾಗುತ್ತದೆ, ಆದರೆ ಅವರು ಕೊಡಬೇಕಾದದ್ದು 6,000 ಅಲ್ಲ, 5,250. ಅಂದರೆ ಗೆದ್ದವರು ಎರಡನೆಯವರ ಮಿತಿಗಿಂತ ಒಂದು ಮೆಟ್ಟಿಲು ಮಾತ್ರ ಮೇಲೆ ಕೊಡುತ್ತಾರೆ. ಹಾಗಾಗಿ ಮನಸ್ಸಿನಲ್ಲಿದ್ದ ನಿಜವಾದ ಬೆಲೆಯನ್ನು ಮುಚ್ಚಿಟ್ಟುಕೊಳ್ಳುವುದರಿಂದ ಕೊಳ್ಳುವವರಿಗೆ ಲಾಭವಿಲ್ಲ. ಎರಡನೆಯ ಬೆಲೆಯ ಹರಾಜಿನ ಈ ತತ್ವವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ವಿವರಿಸಿದ್ದರು, 1996ರಲ್ಲಿ ಅವರಿಗೆ ನೊಬೆಲ್ ಬಂತು.

ಭಾರತದಲ್ಲಿ ಇದೇ ಮಾದರಿಯ ಬಾಜಿ ಡಾಟ್ ಕಾಮ್ 2000ದಲ್ಲಿ ಶುರುವಾಯಿತು. ಅವನೀಶ್ ಬಜಾಜ್, ಸುವೀರ್ ಸುಜನ್ ಅದರ ಸ್ಥಾಪಕರು. 2004ರಲ್ಲಿ ಇಬೇ ಸುಮಾರು 5 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಪೈಸಾಪೇ ಎಂಬ ವ್ಯವಸ್ಥೆಯಲ್ಲಿ ಗಿರಾಕಿಯ ಹಣ ನಡುವೆ ತಾಣದ ಹತ್ತಿರ ಉಳಿಯುತ್ತಿತ್ತು, ಮಾಲು ಹೊರಟ ಮೇಲೆ ಮಾರಿದವರ ಕೈಸೇರುತ್ತಿತ್ತು. ವಿಪಿಪಿಯಲ್ಲಿ, ಅಂದರೆ ಅಂಚೆಯವರಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ಪಾರ್ಸಲ್ಲಿನಲ್ಲಿ, ಪುಸ್ತಕ ತರಿಸಿ ರೂಢಿಯಿದ್ದ ಊರುಗಳಿಗೆ, ಪರಸ್ಪರ ಮುಖ ನೋಡದ ಇಬ್ಬರ ನಡುವೆ ಮೂರನೆಯವರು ಹಣ ಹಿಡಿದಿರುವುದು ಹೊಸ ವಿಚಾರವೇನೂ ಆಗಿರಲಿಲ್ಲ.

ಪದಕದ ಅಂಚಿನಲ್ಲಿ ಕೆತ್ತಿದ ಹೆಸರು

ಈ ಪೇಟೆಯಿಂದ ನಮ್ಮ ಭಾಗಕ್ಕೆ ಏನು ಲಾಭ ಎನ್ನುವುದಕ್ಕೆ ಬೆಳಗಾವಿಯ ಕ್ಯಾಂಪಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು ಇದು. ಸುತ್ತಲಿನ ಹಳ್ಳಿಗಳಲ್ಲಿ ಎರಡು ಮಹಾಯುದ್ಧಗಳಿಗೆ ಹೋಗಿ ಬಂದವರ ಮನೆತನಗಳಿವೆ. ಬ್ರಿಟಿಷರ ಕಾಲದ ಎಷ್ಟೋ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ಪಲ್ಟನ್ನು ಕೆತ್ತಿರುತ್ತದೆ. ಸರಾಫಕಟ್ಟೆಯಲ್ಲಿ ಅಂಥ ಪದಕವನ್ನು ತಕ್ಕಡಿಗೆ ಹಾಕಿದರೆ ಬರುವುದು ಬೆಳ್ಳಿಯ ತೂಕದ ಬೆಲೆ. ಆದರೆ ಆ ಪಲ್ಟನ್ನಿನ ಇತಿಹಾಸ ಬರೆಯುತ್ತಿರುವವನಿಗೆ, ಆ ಯುದ್ಧದ ಪದಕಗಳನ್ನೇ ಕೂಡಿಸುತ್ತಿರುವವನಿಗೆ ಅಂಚಿನ ಹೆಸರೇ ಮುಖ್ಯ. ನೋಡಲು ಒಂದೇ ಥರದ ಎರಡು ಪದಕಗಳಲ್ಲಿ ಒಂದಕ್ಕೆ ಇನ್ನೊಂದರ ಹಲವು ಪಟ್ಟು ಬೆಲೆ ಬರುವುದು ಅದಕ್ಕೇ.

ಮಾರುವವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ, ಹರಾಜಿನ ದೊಡ್ಡ ಉಪಕಾರವೇ ಅದು. ಗೊತ್ತಿರುವ ಇಬ್ಬರು ಎದುರುಬದುರಾದರೆ ಸಾಕು, ಅವರ ಪೈಪೋಟಿಯೇ ಬೆಲೆಯನ್ನು ಬಯಲಿಗೆ ತರುತ್ತಿತ್ತು. ಒಬ್ಬನೇ ಬಂದರೆ ಮಾತ್ರ ಮೋಸ. ಮನೆ ಬಾಗಿಲಿಗೆ ಬರುವ ಮೋಡಕಾ (ಗುಜರಿ) ವ್ಯಾಪಾರಿಗೂ ಹರಾಜಿಗೂ ಇರುವ ವ್ಯತ್ಯಾಸ ಇಷ್ಟೇ: ಅಲ್ಲಿ ಬೆಲೆ ತಿಳಿದವನು ಒಬ್ಬನೇ ಇರುತ್ತಾನೆ, ಇಲ್ಲಿ ಇಬ್ಬರಾದರೂ ಇರುತ್ತಾರೆ.

ಆ ಕಾಲವನ್ನು ನೆನೆಯುವವರು ಹಣಕ್ಕಿಂತ ಹೆಚ್ಚಾಗಿ ಇದನ್ನೇ ನೆನೆಯುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಮಾಲಿನ ಬಗ್ಗೆ ತಿಳಿದವರು ಅದರ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು, ಮಾರುವವರು ಉತ್ತರ ಹುಡುಕುತ್ತ ಹುಡುಕುತ್ತ ತಾವೂ ತಿಳಿದವರಾಗುತ್ತಿದ್ದರು. ಒಂದೊಂದು ಮಾರಾಟದ ನಂತರವೂ ಎರಡೂ ಕಡೆಯವರು ಅಭಿಪ್ರಾಯ ಬರೆಯುತ್ತಿದ್ದರು, ಅದೇ ಮುಂದಿನ ವ್ಯಾಪಾರಕ್ಕೆ ಬಂಡವಾಳ. ಸಣ್ಣ ಊರಿನವರಿಗೂ ಅಲ್ಲಿ ಸ್ವಂತ ಹೆಸರು ಬೆಳೆಯುತ್ತಿತ್ತು.

ಹರಾಜು ಸೋತದ್ದು ಎಲ್ಲಿ

ಹಾಗಾದರೆ ಇಷ್ಟು ಒಳ್ಳೆಯ ಪದ್ಧತಿ ಯಾಕೆ ಕುಗ್ಗಿತು? ಯಾರೋ ಹೊಸಕಿಹಾಕಿದರು ಎನ್ನುವ ಮಾತು ಅರ್ಧ ಮಾತ್ರ ನಿಜ. ಮೊದಲ ಕಾರಣ ಕೊಳ್ಳುವವರೇ. ಹೊಸ ಮೊಬೈಲ್ ಕವರ್, ಚಾರ್ಜರ್, ಪೆನ್‌ಡ್ರೈವ್ ಇವುಗಳ ಬೆಲೆ ಎಲ್ಲರಿಗೂ ಗೊತ್ತು. ಒಂದೇ ಥರದ ಮಾಲು ಸಾವಿರಗಟ್ಟಲೆ ಇರುವಾಗ ಅದಕ್ಕಾಗಿ ಏಳು ದಿನ ಕಾದು, ಕೊನೆಯ ನಿಮಿಷದಲ್ಲಿ ಇನ್ನೊಬ್ಬ ಬಂದು ಕಿತ್ತುಕೊಂಡು ಹೋಗುವುದನ್ನು ನೋಡುತ್ತ ಕೂರಲು ಯಾರಿಗೂ ಇಷ್ಟವಿಲ್ಲ. 2000ದಲ್ಲಿ ಇಬೇಯೇ 'ಈಗಲೇ ಕೊಳ್ಳಿ' ಎಂಬ ಗುಂಡಿ ತಂದಿತು. ಆ ದಶಕ ಮುಗಿಯುವಷ್ಟರಲ್ಲಿ ಹರಾಜಿಗೆಂದೇ ಹುಟ್ಟಿದ ತಾಣದಲ್ಲೂ ನಿಗದಿತ ಬೆಲೆಯ ಮಾರಾಟವೇ ಮುಂದಾಗಿತ್ತು.

ಎರಡನೆಯದು ಮೋಸ. ಮಾರುವವನೇ ಇನ್ನೊಂದು ಹೆಸರಿನಲ್ಲಿ ಕೂಗಿ ಬೆಲೆ ಏರಿಸುವುದು, ಚಿತ್ರದಲ್ಲಿ ಒಂದು ತೋರಿಸಿ ಬೇರೆಯದೇ ಕಳಿಸುವುದು, ಕೆಟ್ಟ ಅಭಿಪ್ರಾಯ ಬರೆದರೆ ತಿರುಗಿ ಕೆಟ್ಟದು ಬರೆಯುವುದಾಗಿ ಹೆದರಿಸುವುದು. ಈ ಕೊನೆಯದನ್ನು ತಡೆಯಲು 2008ರಲ್ಲಿ ಇಬೇ ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ ಎಂಬ ನಿಯಮ ತಂದಿತು. ಕೊಳ್ಳುವವರಿಗೆ ಧೈರ್ಯ ಬಂತು, ಆದರೆ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಿದ್ದ ಸಮತೋಲ ಹೋಯಿತು. ಹಳಬರು ಇವತ್ತಿಗೂ ಬೇಸರದಿಂದ ಹೇಳುವ ತಿರುವು ಇದು.

ಭಾರತದಲ್ಲಿ ಇನ್ನೊಂದು ಘಟನೆಯ ನೆರಳೂ ಇತ್ತು. 2004ರ ಕೊನೆಯಲ್ಲಿ ಯಾರೋ ಬಳಕೆದಾರ ಬಾಜಿ ತಾಣದಲ್ಲಿ ಅಶ್ಲೀಲ ವಿಡಿಯೋ ಮಾರಾಟಕ್ಕೆ ಹಾಕಿದ್ದಕ್ಕೆ ಅವನೀಶ್ ಬಜಾಜ್ ಅವರನ್ನೇ ದಿಲ್ಲಿ ಪೊಲೀಸರು ಬಂಧಿಸಿದರು. ಬೇರೆಯವರು ಹಾಕಿದ ಮಾಲಿಗೆ ತಾಣದವರು ಎಷ್ಟು ಹೊಣೆ ಎಂಬ ಪ್ರಶ್ನೆ ದೇಶದಲ್ಲಿ ದೊಡ್ಡದಾಗಿ ಎದ್ದದ್ದು ಆಗ. 2008ರ ತಿದ್ದುಪಡಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮು ಬದಲಾಗಿ, ಮಧ್ಯವರ್ತಿ ಎಚ್ಚರ ವಹಿಸಿದ್ದರೆ ರಕ್ಷಣೆ ಉಂಟು ಎಂದಾಯಿತು. ಎಚ್ಚರ ವಹಿಸುವುದು ಎಂದರೆ ಮಾರುವವರ ದಾಖಲೆ ಕೇಳುವುದು, ಪರಿಶೀಲಿಸುವುದು, ಅನುಮಾನ ಬಂದರೆ ತೆಗೆದುಹಾಕುವುದು. ಹೆಸರು-ಇಮೇಲ್ ಕೊಟ್ಟು ಯಾರು ಬೇಕಾದರೂ ಅಂಗಡಿ ತೆರೆಯುವ ಸಲೀಸು ಕಾಲ ಅಲ್ಲಿಂದ ಮುಂದೆ ಉಳಿಯುವಂತೆಯೇ ಇರಲಿಲ್ಲ.

ಅಷ್ಟರಲ್ಲಿ ಫ್ಲಿಪ್‌ಕಾರ್ಟ್ 2007ರಲ್ಲಿ ಹುಟ್ಟಿ, 2010ರಲ್ಲಿ ಮನೆ ಬಾಗಿಲಲ್ಲಿ ಹಣ ಕೊಡುವ ಸೌಲಭ್ಯ ತಂದಿತ್ತು. 2013ರಲ್ಲಿ ಅಮೆಜಾನ್ ಬಂತು. 2017ರಲ್ಲಿ ಇಬೇ ತನ್ನ ಭಾರತದ ವ್ಯವಹಾರವನ್ನು ಫ್ಲಿಪ್‌ಕಾರ್ಟಿಗೆ ಒಪ್ಪಿಸಿತು, 2018ರ ಆಗಸ್ಟ್ 14ಕ್ಕೆ ಇಬೇ ಡಾಟ್ ಇನ್ ಮುಚ್ಚಿತು. ಆ ಮೇಲೆ ಉಳಿದದ್ದು ಇಬೇಯ ಹೊರದೇಶದ ತಾಣಗಳಲ್ಲಿ ಮಾರುವ ದಾರಿ ಮಾತ್ರ. 2025ರ ಆಗಸ್ಟಿನ ಸುದ್ದಿ ಅಷ್ಟು ನೋವು ಕೊಟ್ಟದ್ದು ಈ ಕಾರಣಕ್ಕೆ, ಉಳಿದಿದ್ದ ಆ ಒಂದು ಬಾಗಿಲಿಗೇ ಅದು ತಗುಲಿತು.

ಯುಪಿಐ ನೋಟಿಸ್ ಹೇಳಿದ್ದೇನು, ಹೇಳದಿದ್ದದ್ದೇನು

ಈಗ ಸುದ್ದಿಗಳಿಗೆ ಬರೋಣ. ಜಿಎಸ್‌ಟಿಯಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಇದು ಹಳೆಯ ನಿಯಮ. ಜುಲೈನಲ್ಲಿ ಹೊಸದಾಗಿದ್ದು, 2021-22ರಿಂದ ಈಚೆಗಿನ ಯುಪಿಐ ಜಮೆಗಳನ್ನು ನೋಡಿ ಮಿತಿ ದಾಟಿದಂತೆ ಕಂಡವರಿಗೆ ಇಲಾಖೆ ವಿವರಣೆ ಕೇಳಿದ್ದು. ಬೇಕರಿ, ತರಕಾರಿ, ಹಾಲಿನ ವ್ಯಾಪಾರಿಗಳು ಹೌಹಾರಿ ಅಂಗಡಿ ಮುಂದಿನ ಕ್ಯೂಆರ್ ಕೋಡ್ ಕಿತ್ತರು, ಬಂದ್ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ತೆರಿಗೆ ವಿನಾಯಿತಿಯ ಸರಕು ಮಾರುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಕಾವು ಇಳಿಯಿತು.

ಮನೆಯಿಂದ ಮಾರುವವರು ಇಲ್ಲಿ ಎರಡು ವಿಷಯ ಬೇರೆ ಮಾಡಿಕೊಳ್ಳಬೇಕು. ಯುಪಿಐಗೆ ಬಂದ ದುಡ್ಡೆಲ್ಲ ವಹಿವಾಟು ಅಲ್ಲ. ಅಣ್ಣ ಕಳಿಸಿದ ಹಣ, ಕೈಗಡ ವಾಪಸ್ ಬಂದದ್ದು ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ಕೇಳಿದಾಗ ತೋರಿಸಲು ಬರಹದಲ್ಲಿರಬೇಕು. ಹಾಗೆಯೇ ಮನೆಯಲ್ಲಿ ಬಳಸಿದ ಕ್ಯಾಮೆರಾವನ್ನೋ ಅಜ್ಜಿಯ ಹಿತ್ತಾಳೆ ಹಂಡೆಯನ್ನೋ ಒಮ್ಮೆ ಮಾರಿದರೆ ಅದು ವ್ಯಾಪಾರವಲ್ಲ. ಅದೇ ಹಂಡೆಗಳನ್ನು ಹಳ್ಳಿಹಳ್ಳಿ ತಿರುಗಿ ಕೊಂಡು ತಂದು ಮಾರಿದರೆ ವ್ಯಾಪಾರ. ಹರಾಜು ತಾಣಗಳ ಮೊದಲ ದಿನಗಳಲ್ಲಿ ಈ ಗೆರೆ ಮಸುಕಾಗಿಯೇ ಇತ್ತು, ಅಟ್ಟ ಖಾಲಿಮಾಡಲು ಶುರುಮಾಡಿದವರು ನಿಧಾನಕ್ಕೆ ವ್ಯಾಪಾರಿಗಳಾದರು. ಆಗ ಕೇಳುವವರಿರಲಿಲ್ಲ. ಈಗ ಪ್ರತಿ ಜಮೆಗೂ ಗುರುತು ಉಳಿಯುತ್ತದೆ.

ಬೆಂಗಳೂರು ಹತ್ತಿರ, ಕೊಲ್ಲಾಪುರ ದೂರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳನ್ನು ನಿಜವಾಗಿ ಕಟ್ಟಿಹಾಕಿರುವ ನಿಯಮ ಯುಪಿಐದಲ್ಲ, ಗಡಿಯದು. 2017ರಲ್ಲಿ ಜಿಎಸ್‌ಟಿ ಬಂದಾಗ ಆನ್‌ಲೈನ್ ತಾಣದ ಮೂಲಕ ಸರಕು ಮಾರುವವರು ಒಂದು ರೂಪಾಯಿಯ ವಹಿವಾಟಿಗೂ ನೋಂದಣಿ ಮಾಡಿಸಬೇಕು ಎಂದಿತ್ತು. ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಲಕ್ಷಗಳವರೆಗೆ ವಿನಾಯಿತಿ, ಆನ್‌ಲೈನ್‌ನಲ್ಲಿ ಎರಡು ಸೀರೆ ಮಾರುವವಳಿಗೆ ಆ ವಿನಾಯಿತಿಯೇ ಇಲ್ಲ. ಆರು ವರ್ಷ ಈ ತಾರತಮ್ಯ ನಡೆಯಿತು. 2023ರ ಅಕ್ಟೋಬರ್ 1ರಿಂದ ಅರ್ಧ ಸಡಿಲವಾಯಿತು: ಮಿತಿಯೊಳಗಿನ ಮಾರಾಟಗಾರರು ಪ್ಯಾನ್ ಕೊಟ್ಟು, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಗುರುತಿನ ಸಂಖ್ಯೆ ಪಡೆದು, ನೋಂದಣಿಯಿಲ್ಲದೆ ತಾಣಗಳಲ್ಲಿ ಮಾರಬಹುದು. ಮುಖ್ಯ ಷರತ್ತು ಎಂದರೆ, ಮಾಲು ರಾಜ್ಯದ ಗಡಿ ದಾಟಬಾರದು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ಮಾರುವವರಿಗೆ ಇದು ದೊಡ್ಡ ತೊಡಕಲ್ಲ, ರಾಜ್ಯದೊಳಗೇ ದೊಡ್ಡ ಪೇಟೆ ಇದೆ. ನಿಪ್ಪಾಣಿಯವರಿಗೆ ಹಾಗಲ್ಲ. ಕೊಲ್ಲಾಪುರ ಅವರಿಗೆ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ, ಬೆಂಗಳೂರು ಐನೂರಕ್ಕೂ ಹೆಚ್ಚು. ವಿಜಯಪುರದವರಿಗೆ ಸೊಲ್ಲಾಪುರ ಸುಮಾರು ನೂರು ಕಿಲೋಮೀಟರ್. ಇಳಕಲ್ ಸೀರೆಯನ್ನು, ಗುಳೇದಗುಡ್ಡದ ಖಣವನ್ನು ತಲೆತಲಾಂತರದಿಂದ ಉಟ್ಟು ತೊಟ್ಟು ಬಂದವರಲ್ಲಿ ಮಹಾರಾಷ್ಟ್ರದ ಹೆಂಗಸರ ಪಾಲು ದೊಡ್ಡದು. ಸೀರೆಯ ಗಿರಾಕಿ ಇರುವುದೇ ಗಡಿಯಾಚೆ, ನೋಂದಣಿಯಿಲ್ಲದ ನೇಕಾರರಿಗೆ ಮುಚ್ಚಿರುವುದೂ ಅದೇ ದಾರಿ. ಪಟ್ಟಿ ಮಾಡಿದ ಕೆಲವು ಕರಕುಶಲ ವಸ್ತುಗಳಿಗೆ ಅಂತರರಾಜ್ಯ ಮಾರಾಟದಲ್ಲಿ ಪ್ರತ್ಯೇಕ ರಿಯಾಯಿತಿ ಇದೆ, ತಮ್ಮ ಮಾಲು ಅದರೊಳಗೆ ಬರುತ್ತದೆಯೇ ಎಂದು ತೆರಿಗೆ ಸಲಹೆಗಾರರ ಹತ್ತಿರ ಕೇಳಿಯೇ ಮುಂದೆ ಹೆಜ್ಜೆ ಇಡಬೇಕು.

ನೋಂದಣಿ ಮಾಡಿಸಿದರೆ ಆಯಿತಲ್ಲ ಎಂದು ತೆರಿಗೆ ಪರವಾಗಿ ವಾದಿಸುವವರು ಕೇಳುತ್ತಾರೆ. ನೋಂದಣಿಗೆ ಶುಲ್ಕವಿಲ್ಲ, ತಾಣಗಳು ಮಾರಾಟದ ಮೇಲೆ ಮೂಲದಲ್ಲೇ ಹಿಡಿಯುವ ಜಿಎಸ್‌ಟಿ ಮೊತ್ತವೂ 2024ರ ಜುಲೈನಿಂದ ಶೇಕಡಾ 1ರಿಂದ 0.5ಕ್ಕೆ ಇಳಿದಿದೆ, ಹಿಡಿದದ್ದು ಲೆಕ್ಕದಲ್ಲಿ ವಾಪಸ್ ಸಿಗುತ್ತದೆ. ಇದೆಲ್ಲ ಸರಿ. ಆದರೆ ನೋಂದಣಿಯ ಹಿಂದೆಯೇ ನಿಯಮಿತ ರಿಟರ್ನ್, ಅದನ್ನು ತುಂಬುವವರಿಗೆ ಕೊಡುವ ಹಣ, ತಡವಾದರೆ ದಂಡ ಬರುತ್ತವೆ. ತಿಂಗಳಿಗೆ ಎಂಟು ಹತ್ತು ಸೀರೆ ಮಾರುವ ಮನೆಗೆ ಸೀರೆಯ ಲಾಭವೇ ಅದಕ್ಕೆ ಹೋಗುತ್ತದೆ. ರಾಜ್ಯದೊಳಗಿನ ಮಾರಾಟಕ್ಕೆ ಕೊಟ್ಟ ಸಡಿಲಿಕೆಯನ್ನು ಗಡಿಯಾಚೆಗೂ ಒಂದು ಮಿತಿಯವರೆಗೆ ಕೊಡದಿರಲು ಗಟ್ಟಿ ಕಾರಣ ಕಾಣುವುದಿಲ್ಲ. ಹಣ ಬರುವುದು ತಾಣದ ಮೂಲಕ, ಮಾಲು ಹೋಗುವುದು ಗುರುತು ಸಂಖ್ಯೆಯ ಪಾರ್ಸಲ್ಲಿನಲ್ಲಿ. ಕಣ್ಣುತಪ್ಪಿಸುವ ದಾರಿಯೇ ಅಲ್ಲಿ ಕಡಿಮೆ.

ಅಂಚೆಯ ಲೆಕ್ಕ

ರಿಜಿಸ್ಟರ್ಡ್ ಪೋಸ್ಟ್ ನಿಂತುಹೋಯಿತು ಎಂಬ ಸುದ್ದಿ ಪೂರ್ತಿ ಸರಿಯಲ್ಲ. ಹೆಸರು ಬರೆದವರಿಗೇ ತಲುಪಿಸುವ ಸೌಲಭ್ಯ ಈಗ ಸ್ಪೀಡ್ ಪೋಸ್ಟ್ ಮೇಲೆ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಸೇವೆ. ಬದಲಾದದ್ದು ತಳಮಟ್ಟದ ಖರ್ಚು. ಸುಮಾರು 26 ರೂಪಾಯಿಯಿಂದ ಶುರುವಾಗುತ್ತಿದ್ದ ರಿಜಿಸ್ಟರ್ಡ್ ಪೋಸ್ಟ್ ಜಾಗದಲ್ಲಿ, ದೂರದ ಊರಿಗೆ 50 ಗ್ರಾಂವರೆಗಿನ ಸ್ಪೀಡ್ ಪೋಸ್ಟಿಗೆ ಈಗ 47 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. 5,000 ರೂಪಾಯಿಯ ಸೀರೆ ಕಳಿಸುವವರಿಗೆ ಇದರಿಂದ ಏನೂ ಆಗುವುದಿಲ್ಲ. 60 ರೂಪಾಯಿಯ ಅಂಚೆಚೀಟಿ, 100 ರೂಪಾಯಿಯ ಹಳೆಯ ಪೋಸ್ಟ್‌ಕಾರ್ಡ್ ಮಾರುವವರಿಗೆ ವ್ಯಾಪಾರವೇ ಗಿಟ್ಟುವುದಿಲ್ಲ. ಹರಾಜಿನ ಹವ್ಯಾಸಿಗಳೆಲ್ಲ ಮೊದಲು ಕಾಲಿಡುತ್ತಿದ್ದದ್ದು ಇಂಥ ಚಿಲ್ಲರೆ ಮಾಲಿನಿಂದಲೇ. ಐವತ್ತು ರೂಪಾಯಿಯ ಮಾಲಿನಲ್ಲಿ ತಪ್ಪು ಮಾಡಿ ಕಲಿಯಬಹುದಿತ್ತು, ಸಾವಿರದ ಮಾಲಿನಲ್ಲಿ ಕಲಿಯಲಾಗದು.

ಅಮೆರಿಕದ ವಿಷಯ ಬೇರೆ ಥರದ್ದು. ಅಲ್ಲಿ 800 ಡಾಲರ್ ಒಳಗಿನ ಪಾರ್ಸಲ್ಲಿಗೆ ಸುಂಕವಿಲ್ಲ ಎಂಬ ಮಿತಿ 2016ರಿಂದ ಇತ್ತು. 2025ರ ಆಗಸ್ಟ್ 29ರಿಂದ ಅದನ್ನು ಎಲ್ಲ ದೇಶಗಳಿಗೂ ತೆಗೆದರು. ಸುಂಕ ವಸೂಲಿ ಯಾರು ಮಾಡಬೇಕು, ಹೇಗೆ ಕಟ್ಟಬೇಕು ಎನ್ನುವುದು ಇತ್ಯರ್ಥವಾಗದೆ ವಿಮಾನ ಕಂಪನಿಗಳು ಅಂಚೆ ಚೀಲ ಒಯ್ಯಲು ಹಿಂಜರಿದವು, ಅದಕ್ಕೇ ನಮ್ಮ ಅಂಚೆ ಇಲಾಖೆ ಸೇವೆ ನಿಲ್ಲಿಸಿತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು, ಆದರೆ ಸುಂಕವನ್ನು ಇಲ್ಲಿ ಬುಕ್ ಮಾಡುವಾಗಲೇ ಕಟ್ಟಬೇಕೆಂಬ ಹೊಸ ಪದ್ಧತಿಯಲ್ಲಿ. ಆಗ ಭಾರತದ ಮಾಲಿಗೆ ಇದ್ದ ಪ್ರಮಾಣ ಘೋಷಿತ ಬೆಲೆಯ ಶೇಕಡಾ 50. ಅಂದರೆ 5,000 ರೂಪಾಯಿಯ ಸೀರೆಗೆ 2,500 ರೂಪಾಯಿ ಸುಂಕ.

ಹರಾಜಿಗೆ ಇದರಿಂದ ಬರುವ ತೊಂದರೆ ನಿಗದಿ ಬೆಲೆಗಿಂತ ಹೆಚ್ಚು. ನಿಗದಿ ಬೆಲೆಯ ಮಾಲಿಗೆ ಸುಂಕ ಎಷ್ಟೆಂದು ಮೊದಲೇ ಲೆಕ್ಕಹಾಕಿ ಸೇರಿಸಬಹುದು. ಹರಾಜಿನಲ್ಲಿ ಕೊನೆಯ ಬೆಲೆಯೇ ಗೊತ್ತಿಲ್ಲದಿರುವಾಗ ಸುಂಕವೂ ಗೊತ್ತಿಲ್ಲ, ಕೂಗುವವರು ಆ ಅಂದಾಜನ್ನು ತಮ್ಮ ಮಿತಿಯಿಂದ ಕಳೆದೇ ಕೂಗುತ್ತಾರೆ. ಹೊರೆ ಕಡೆಗೆ ಬರುವುದು ಮಾರುವವರ ಮೇಲೆ.

ನೂರು ವರ್ಷದ ಗೆರೆ

ಹಳೆಯ ವಸ್ತು ಮಾರುವವರಿಗೆ ತೆರಿಗೆಗಿಂತಲೂ ಗಂಭೀರವಾದ ಕಾನೂನು ಇನ್ನೊಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಕರಕುಶಲ ವಸ್ತುಗಳು ಪ್ರಾಚ್ಯವಸ್ತು. ಇತಿಹಾಸ, ಸಾಹಿತ್ಯದ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ ಸಾಕು. ಪರವಾನಗಿ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ.

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ, 1924ರ ಡಿಸೆಂಬರಿನಲ್ಲಿ. ಆ ಅಧಿವೇಶನದ ಬಿಲ್ಲೆಯೋ ಪದಕವೋ ಯಾರ ಮನೆಯಲ್ಲಾದರೂ ಇದ್ದರೆ, 2024ರ ಡಿಸೆಂಬರಿನಿಂದ ಅದಕ್ಕೆ ನೂರು ತುಂಬಿತು. ಕಾಗದಪತ್ರಗಳಾದರೆ 1999ರಲ್ಲೇ 75 ಆಗಿತ್ತು. ಮೊದಲ ಮಹಾಯುದ್ಧದ ಪದಕಗಳ ವಿಷಯವೂ ಹಾಗೆಯೇ, ಬಹುಪಾಲು ಗೆರೆ ದಾಟಿವೆ. ಇಪ್ಪತ್ತು ವರ್ಷದ ಹಿಂದೆ ಹೊರದೇಶದ ಗಿರಾಕಿಗೆ ಅಂಚೆಯಲ್ಲಿ ಹೋದ ಅದೇ ಥರದ ವಸ್ತುವನ್ನು ಇವತ್ತು ಕಳಿಸಿದರೆ ಅಪರಾಧವಾಗಬಹುದು. ವಿಜಯಪುರದ ಆದಿಲ್‌ಶಾಹಿ ನಾಣ್ಯಗಳ ಬಗ್ಗೆ ಅನುಮಾನಕ್ಕೇ ಎಡೆಯಿಲ್ಲ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದ್ದಾದರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಇದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಇನ್ನೊಂದು ಸುಳ್ಳು ಹರಿದಾಡುತ್ತಿದೆ: ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಬೆಲೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದು. ಹರಾಜಿನ ನೆನಪೇ ಇಲ್ಲಿ ಗಾಳವಾಗಿದೆ. ಹಳೆಯ ವಸ್ತುವಿಗೆ ಆನ್‌ಲೈನ್‌ನಲ್ಲಿ ಆಶ್ಚರ್ಯದ ಬೆಲೆ ಬಂದದ್ದನ್ನು ಜನ ಕೇಳಿದ್ದಾರೆ, ಹಾಗಾಗಿ ನಂಬುತ್ತಾರೆ. ರಿಸರ್ವ್ ಬ್ಯಾಂಕ್ ತಾನು ಇಂಥ ವ್ಯವಹಾರದಲ್ಲಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಎಂದು 2021ರ ಆಗಸ್ಟಿನಲ್ಲೇ ಸ್ಪಷ್ಟವಾಗಿ ಹೇಳಿದೆ. ನಿಜವಾದ ಹರಾಜಿನಲ್ಲಿ ಹಣ ಕೊಡುವವರು ಕೊಳ್ಳುವವರು. ಮಾರುವವರಿಂದ ಮುಂಗಡ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಬೇಕು.

ಒಣದ್ರಾಕ್ಷಿಯ ಲಿಲಾವು

ಹರಾಜು ಸತ್ತೇಹೋಯಿತೇ? ವಿಜಯಪುರದ ಎಪಿಎಂಸಿಗೆ ಹೋದರೆ ಆನ್‌ಲೈನ್ ಲಿಲಾವು ಜೀವಂತವಾಗಿ ಕಾಣುತ್ತದೆ. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ತಂದು ಮಾರುಕಟ್ಟೆಗಳ ಹರಾಜನ್ನು ಕಂಪ್ಯೂಟರಿಗೆ ತಂದಿತು. ಕೇಂದ್ರದ ಇಂಥದೇ ವೇದಿಕೆ ಇ-ನಾಮ್ ಬಂದದ್ದು ಅದಕ್ಕಿಂತ ಎರಡು ವರ್ಷ ತಡವಾಗಿ, 2016ರ ಏಪ್ರಿಲಿನಲ್ಲಿ. ಒಣದ್ರಾಕ್ಷಿಯ ರಾಶಿಗೆ ಲಾಟ್ ಸಂಖ್ಯೆ ಬೀಳುತ್ತದೆ, ಖರೀದಿದಾರರು ಮಾದರಿ ಕೈಯಲ್ಲಿ ಹಿಡಿದು ಬಣ್ಣ, ಗಾತ್ರ, ಪಸೆ ನೋಡುತ್ತಾರೆ, ಒಬ್ಬರ ಧಾರಣೆ ಇನ್ನೊಬ್ಬರಿಗೆ ಕಾಣದಂತೆ ನಮೂದಿಸುತ್ತಾರೆ. ಹೊತ್ತು ಮುಗಿದ ಮೇಲೆ ಹೆಚ್ಚಿನ ಧಾರಣೆ ಹೊರಬರುತ್ತದೆ. ಒಪ್ಪಿಗೆಯಾಗದಿದ್ದರೆ ರೈತ ಮಾರದೇ ಇರಬಹುದು.

ಮೊಬೈಲ್ ಚಾರ್ಜರಿನಲ್ಲಿ ಸೋತ ಹರಾಜು ದ್ರಾಕ್ಷಿಯಲ್ಲಿ ಯಾಕೆ ಗೆದ್ದಿತು ಎಂದರೆ, ಒಂದು ರಾಶಿಯಂತೆ ಇನ್ನೊಂದು ಇರುವುದಿಲ್ಲ, ಇವತ್ತಿನ ಬೆಲೆ ನಾಳೆಗೆ ಇಲ್ಲ. ನಂಬಿಕೆಯ ಹೊಣೆಯನ್ನೂ ಅಲ್ಲಿ ಅಭಿಪ್ರಾಯದ ನಕ್ಷತ್ರಗಳಿಗೆ ಬಿಟ್ಟಿಲ್ಲ. ತೂಕ, ಪರವಾನಗಿ, ತಕರಾರು ನೋಡಲು ಸಮಿತಿ ಇದೆ. ಹಾಗಿದ್ದೂ ನಮ್ಮ ರೈತರು ಒಣದ್ರಾಕ್ಷಿಯನ್ನು ಸಾಂಗಲಿ, ತಾಸಗಾಂವಕ್ಕೆ ಒಯ್ಯುವುದು ನಿಂತಿಲ್ಲ. ಖರೀದಿದಾರರು ಹೆಚ್ಚಿರುವುದು ಅಲ್ಲಿ, ಶೀತಗೃಹಗಳೂ ಹೆಚ್ಚು. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಕೂಗುವವರು ನಾಲ್ಕೇ ಜನರಾದರೆ ಬೆಲೆ ಏಳುವುದಿಲ್ಲ.

ವಾಟ್ಸಾಪ್‌ನಲ್ಲಿ ನಡೆಯುತ್ತಿರುವುದು

ಕೂಗುವವರು ಈಗ ಸೇರುತ್ತಿರುವುದು ಬೇರೆ ಕಡೆ. ನಾಣ್ಯ, ಅಂಚೆಚೀಟಿ ಸಂಗ್ರಾಹಕರ ಹರಾಜು ಫೇಸ್‌ಬುಕ್, ವಾಟ್ಸಾಪ್ ಗುಂಪುಗಳಿಗೆ ಹೋಗಿದೆ. ಸೀರೆಗಳ ನೇರ ಪ್ರಸಾರದಲ್ಲಿ ಮೊದಲು ಕಮೆಂಟ್ ಹಾಕಿದವರಿಗೆ ಸೀರೆ. ಇಲ್ಲಿ ಹಳೆಯ ಕಾಲದ ಸಲಿಗೆ ಇದೆ, ಮಾತುಕತೆ ಇದೆ, ತಾಣಕ್ಕೆ ಕೊಡುವ ಕಮಿಷನ್ ಇಲ್ಲ. ಇಲ್ಲದಿರುವುದು ನಡುವೆ ಹಣ ಹಿಡಿದುಕೊಳ್ಳುವವರು. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರಾಟ ತಾಣಗಳ ಮೇಲೆ ದೂರು ಅಧಿಕಾರಿಯ ನೇಮಕ, ಮಾರುವವರ ವಿವರ ಪ್ರಕಟಣೆ ಮುಂತಾದ ಹೊಣೆ ಹಾಕುತ್ತವೆ. ವಾಟ್ಸಾಪ್ ಗುಂಪಿನ ಅಡ್ಮಿನ್ ಅಂಥ ಯಾವ ಹೊಣೆಯನ್ನೂ ಹೊತ್ತು ಕೂತಿರುವುದಿಲ್ಲ. ಹಣ ಹಾಕಿ ಮಾಲು ಬರದಿದ್ದರೆ ಉಳಿಯುವುದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ದಾರಿ. ಅಧಿಕೃತ ದಾರಿ ಸಣ್ಣವರಿಗೆ ಕಷ್ಟವಾದಷ್ಟೂ ಅವರು ಈ ಕಡೆ ಸರಿಯುತ್ತಾರೆ. ತೆರಿಗೆ ಇಲಾಖೆಗೂ ಗ್ರಾಹಕರಿಗೂ ಅದರಿಂದ ನಷ್ಟವೇ.

ಮುಂದಿನ ದಾರಿಗಳು

ಎಲ್ಲ ಮಾಲಿಗೂ ಹರಾಜು ಮರಳುವುದಿಲ್ಲ, ಮರಳಬೇಕಾಗಿಯೂ ಇಲ್ಲ. ದಿನನಿತ್ಯದ ಇಳಕಲ್ ಸೀರೆಗೆ ನಿಗದಿ ಬೆಲೆಯೇ ನೇಕಾರರಿಗೂ ಗಿರಾಕಿಗೂ ಅನುಕೂಲ. ಆದರೆ ಕೈಯಿಂದ ಕಸೂತಿ ಹಾಕಿದ ಸೀರೆಯ ಮಾತು ಬೇರೆ. ಗೋಪುರ, ತೇರು, ಆನೆ ಅಂಬಾರಿಗಳನ್ನು ಎಳೆ ಎಣಿಸಿ ಹಾಕುವ ಆ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಒಂದರಂತೆ ಇನ್ನೊಂದು ಬರುವುದಿಲ್ಲ. ಈಗ ಅದರ ಬೆಲೆ ಕಟ್ಟುವವರು ಬಹುತೇಕ ನಡುವಿನ ವ್ಯಾಪಾರಿಗಳು. ಪ್ರಿಯದರ್ಶಿನಿ ಮಳಿಗೆಗಳನ್ನು ನಡೆಸುವ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದಂಥ ಸಂಸ್ಥೆ ಇಂಥ ಸೀರೆಗಳಿಗೆ ಮಾತ್ರ, ಕಾಲ ಗೊತ್ತುಮಾಡಿ, ಹೆಣೆದವರ ಮತ್ತು ಕಸೂತಿ ಹಾಕಿದವರ ಹೆಸರಿನೊಂದಿಗೆ ಆನ್‌ಲೈನ್ ಹರಾಜು ನಡೆಸಬಹುದು. ತೆರಿಗೆ ನೋಂದಣಿ, ಹೊರರಾಜ್ಯದ ಮಾರಾಟ, ಹೊರದೇಶದ ಸುಂಕ ಈ ಮೂರೂ ಆಗ ನಿಗಮದ ಲೆಕ್ಕದಲ್ಲಿ ಹೋಗುತ್ತವೆ. ಒಣದ್ರಾಕ್ಷಿಗೆ ಹತ್ತು ವರ್ಷದ ಹಿಂದೆಯೇ ಕಟ್ಟಿದ ವ್ಯವಸ್ಥೆಯ ಅನುಭವ ರಾಜ್ಯದ ಕೈಯಲ್ಲೇ ಇದೆ.

ಅಲ್ಲಿಯವರೆಗೆ ಸ್ವಂತವಾಗಿ ಮಾರುವವರು ಮಾಡಿಕೊಳ್ಳಬಹುದಾದದ್ದು ಇಷ್ಟು. ವ್ಯಾಪಾರಕ್ಕೆ ಬೇರೆ ಬ್ಯಾಂಕ್ ಖಾತೆ ಇಡುವುದು, ಪ್ರತಿ ಮಾರಾಟಕ್ಕೂ ಮಾಲು ಯಾವ ರಾಜ್ಯಕ್ಕೆ ಹೋಯಿತು ಎಂದು ಬರೆದಿಡುವುದು, ಹಳೆಯ ವಸ್ತುವಾದರೆ ಅದರ ವಯಸ್ಸು ಖಚಿತಮಾಡಿಕೊಳ್ಳದೆ ಚಿತ್ರವನ್ನೂ ಹಾಕದಿರುವುದು. ಒಂದೇ ಒಂದು ವಸ್ತು ಇದ್ದು ಅದರ ಬೆಲೆ ತಿಳಿಯದಿದ್ದರೆ, ಮೊದಲು ಬಂದವರಿಗೆ ಕೊಡದೆ, ಕೊಳ್ಳುವ ಮನಸ್ಸಿರುವ ಎರಡನೆಯವರನ್ನು ಹುಡುಕುವುದು.